ಮುಚ್ಚಳ ಒಲ್ಲದ ಬಂಗಾರ

ಏಕಸಂಬಿ

ಪಾದರಸ ಹಾಕಿ ಬಂಗಾರ ತೆಗೆಯುವವರ ಬಗ್ಗೆ ಎಲ್ಲರೂ ಹೇಳುವ ಕಥೆ ಒಂದಿದೆ. ಮೊಬೈಲಿನಲ್ಲಿ ನೀವೂ ನೋಡಿರುತ್ತೀರಿ. ಬರಿಗೈಯ ಬಡವರು, ಬೋಗುಣಿಯಲ್ಲಿ ಹೊಳೆಯುವ ರಸ, ಹಿಂದೆ ಅಳುವಂಥ ಸಂಗೀತ. ಪಾಪ, ಅದು ವಿಷವೆಂದು ಇವರಿಗೆ ಗೊತ್ತಿಲ್ಲ, ತಿಳಿದವರು ಬಂದು ಹೇಳಿದರೆ ಬಿಟ್ಟುಬಿಡುತ್ತಾರೆ ಎನ್ನುವಲ್ಲಿಗೆ ಕಥೆ ಮುಗಿಯುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ಮೂಗಿಗೆ ಸೆರಗು ಕಟ್ಟಿಕೊಂಡು ದುಡಿಯುವ ಹೆಂಗಸರನ್ನು ಕೇಳಿ ನೋಡಿ. ಆ ಧೂಳು ಎದೆಗೆ ಕೆಟ್ಟದ್ದೆಂದು ಗೊತ್ತಿಲ್ಲದವಳು ಒಬ್ಬಳೂ ಸಿಗುವುದಿಲ್ಲ. ಸೆರಗು ಮತ್ತೆ ಯಾಕೆ ಕಟ್ಟಿದ್ದಾಳೆ?

ಏಕಸಂಬಿಯ ನಮ್ಮ ಮನೆಯಲ್ಲಿ ಓಡಾಡುತ್ತಿದ್ದ ಕಥೆ ಮಾತ್ರ ಬೇರೆ. ಅದನ್ನೂ ನಾನು ಈಗ ಒಪ್ಪುವುದಿಲ್ಲ. ಆದರೆ ಅದನ್ನು ಕಟ್ಟಿದವಳು ನಾನೇ ಆದ್ದರಿಂದ ಮೊದಲು ಅದನ್ನು ಹೇಳಿಬಿಡಬೇಕು.

ನಮ್ಮಪ್ಪನ ತಮ್ಮ ಸಿದ್ರಾಮ ಕಾಕಾ ಗಲಾಯಿ ಕೆಲಸದವರು. ಗಲಾಯಿ ಎಂದರೆ ಬಂಗಾರ ಬೆಳ್ಳಿ ಕರಗಿಸಿ, ಹೊಲಸು ತೆಗೆದು ಶುದ್ಧ ಮಾಡುವುದು. ಕಾಗವಾಡ ಅಥಣಿ ಕಡೆಯಿಂದ, ಗಡಿಯಾಚೆ ಸಾಂಗ್ಲಿಯ ಕಡೆಯಿಂದ ಈ ಕೆಲಸ ಕಲಿತು ದೇಶದ ಮೂಲೆಮೂಲೆಗೆ ಹೋದವರು ನಿಮಗೂ ಗೊತ್ತಿರಬಹುದು. ಕಾಕಾ ಮೊದಲು ತಮಿಳುನಾಡಿನಲ್ಲಿದ್ದರು. ಆಮೇಲೆ ಅವರ ಸೇಠ್ ಟಾಂಜಾನಿಯಾದಲ್ಲಿ ಅಂಗಡಿ ಹಾಕಿದಾಗ ಅಲ್ಲಿಗೆ ಹೋದರು. ಎರಡು ವರ್ಷಗಳ ಹಿಂದೆ ರಜೆಗೆ ಬಂದಾಗ ಅವರ ಕೈ ನಡುಗುತ್ತಿತ್ತು. ಚಹಾ ಧೋತರದ ಮೇಲೆ ಚೆಲ್ಲುತ್ತಿತ್ತು. ನಿದ್ದೆ ಇಲ್ಲ, ಮಾತೆತ್ತಿದರೆ ಸಿಟ್ಟು, ಪಕ್ಕದ ಮನೆಯವರ ಹೆಸರೇ ನೆನಪಿಲ್ಲ. ಪಡಸಾಲೆಯಲ್ಲಿ ಹಿರಿಯರೆಲ್ಲ ಕೂತಾಗ ನಾನು ಬಾಯಿ ಹಾಕಿದೆ. ಆಗ ತಾನೇ ಅಂತರ ಕಾಲೇಜು ಚರ್ಚಾಸ್ಪರ್ಧೆ ಗೆದ್ದು ಬಂದಿದ್ದೆ, ನಾಲಿಗೆ ಹರಿತವಾಗಿತ್ತು. ನಡುಕ, ಸಿಟ್ಟು, ಮರೆವು, ನಿದ್ದೆಗೇಡು, ನಾಲ್ಕನ್ನೂ ಬೆರಳು ಮಡಚಿ ಎಣಿಸಿದೆ. ನಾಲ್ಕಕ್ಕೂ ಹೊಂದುವ ಕಾರಣ ಒಂದೇ, ದಾರೂ. ಬೇರೆ ಕಾರಣ ಇದ್ದರೆ ಯಾರಾದರೂ ಹೇಳಿ ಎಂದೆ. ಯಾರೂ ಹೇಳಲಿಲ್ಲ. ಕಾಕಾ ತಲೆ ತಗ್ಗಿಸಿ ಕೂತರು. ಶಾಂತಾ ಕಾಕಿ ಎದ್ದು ಒಳಗೆ ಹೋದವರು ಅಂದಿನಿಂದ ಗಂಡನ ಜೊತೆ ಮಾತು ಬಿಟ್ಟರು, ಅವರು ಮರಳಿ ಹೋದ ಮೇಲೆ ಫೋನಿನಲ್ಲೂ.

ಕೊನೆಗೆ ಮನೆಗೆ ಮರಳುವ ದಾರಿ ಸೂಚಿಸಿದವರು ಕಾಕಾನೇ. ಈ ಕೆಲಸದಲ್ಲಿ ಒಂದು ಪದ್ಧತಿ ಇದೆ. ಬಂಗಾರದ ಅಂಗಡಿಯನ್ನು ಪರರ ಕೈಗೆ ಬಿಡುವುದಿಲ್ಲ. ಒಬ್ಬ ಮನೆಗೆ ಮರಳಬೇಕೆಂದರೆ ತನ್ನ ಮನೆತನದ ಇನ್ನೊಬ್ಬನನ್ನು ಕರೆಸಿ, ಕೆಲಸ ಕಲಿಸಿ, ತನ್ನ ಜಾಗದಲ್ಲಿ ಕೂರಿಸಿ ಬರಬೇಕು. ಬಸೂನ ಕಳಿಸಿಕೊಡಿ, ಆರು ತಿಂಗಳು ಕಲಿಸಿ ನಾನು ಬಂದುಬಿಡುತ್ತೇನೆ ಎಂದರು ಕಾಕಾ. ಬಸು ನನ್ನ ತಮ್ಮ. ಇಪ್ಪತ್ತೆರಡು ವರ್ಷ, ಎರಡು ಎಮ್ಮೆ, ಹನ್ನೊಂದು ಆಡು, ಒಂದು ಬೈಕು. ಪಾಸ್‌ಪೋರ್ಟ್ ಬಂದ ದಿನ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಚಿಕ್ಕೋಡಿಯೆಲ್ಲ ಸುತ್ತಿ ಬಂದ.

ಅಷ್ಟರಲ್ಲಿ ಅದೇ ಟಾಂಜಾನಿಯಾದ ದಾರ್ ಎಸ್ ಸಲಾಮ್ ಊರಿನ ಒಂದು ಕಾಲೇಜು ಚರ್ಚಾಕೂಟಕ್ಕೆ ತೀರ್ಪುಗಾರಳಾಗಿ ನನಗೆ ಕರೆ ಬಂತು. ಹೇಗೂ ಹೋಗುತ್ತೀ, ಕಾಕಾ ಇರುವ ಜಾಗ ನೋಡಿ ಬಾ, ಆಮೇಲೆ ಬಸೂನ ಕಳಿಸೋಣ ಎಂದರು ಅಪ್ಪ. ಕಾಕಿ ಒಂದು ಡಬ್ಬಿ ಅಗಸಿ ಬೀಜದ ಚಟ್ನಿಪುಡಿ ನನ್ನ ಚೀಲಕ್ಕೆ ತುರುಕಿದರು. ಯಾರಿಗೆ ಎಂದು ಹೇಳಲಿಲ್ಲ.

ಸರೋವರದ ಈಚೆ ದಡ

ಚರ್ಚಾಕೂಟದ ಬಗ್ಗೆ ಹೇಳುವುದೇನಿಲ್ಲ. ಎಲ್ಲ ಊರಿನಲ್ಲೂ ಅಂಥವು ಒಂದೇ ಥರ, ಗೆದ್ದವರಿಗೆ ತಾವು ಹೇಳಿದ್ದೇ ನಿಜವೆಂದು ಅನಿಸತೊಡಗುತ್ತದೆ.

ದಾರ್‌ನಿಂದ ದೊಡ್ಡ ಸರೋವರದ ದಡದ ಮ್ವಾನ್ಝಾ ಊರಿಗೆ ಬಸ್ಸು. ಬೆಳಕು ಹರಿಯುವ ಮೊದಲು ಹತ್ತಿದವಳು ಮರುದಿನ ಇಳಿಯುವಾಗ ಮೊಣಕಾಲು ನನ್ನವಲ್ಲ ಎನಿಸುತ್ತಿತ್ತು. ಅಲ್ಲಿನವರಿಗೆ ಒಂದು ಒಳ್ಳೆಯ ಅಭ್ಯಾಸವಿದೆ. ದಣಿದವರನ್ನು ಕಂಡರೆ ‘ಪೋಲೆ’ ಎನ್ನುತ್ತಾರೆ. ನಿನಗೆ ಆಯಾಸವಾಯಿತಲ್ಲ, ಅದಕ್ಕೆ ನನಗೂ ನೋವಿದೆ ಎಂದು ಅರ್ಥ. ಪಕ್ಕದ ಸೀಟಿನ ಅಜ್ಜಿ ಅಂದಳು, ಟಿಕೆಟ್ಟಿನವನು ಅಂದ, ನೀರು ಮಾರುವವಳೂ ಅಂದಳು. ಮೊದಮೊದಲು ಹಿತವಾಗಿತ್ತು. ಹದಿನೈದನೆಯ ಪೋಲೆಯ ಹೊತ್ತಿಗೆ ನಾನು ನಿಜಕ್ಕೂ ಅಷ್ಟೊಂದು ದಣಿದು ಕಾಣುತ್ತಿದ್ದೇನೆಯೇ ಎಂದು ಅನುಮಾನ ಬಂತು.

ಬಸ್ ನಿಲ್ದಾಣದ ಕಸದ ಗುಡ್ಡೆಯ ಮೇಲೆ ಮನುಷ್ಯರೆತ್ತರದ ಬೋಳುತಲೆಯ ಕೊಕ್ಕರೆಗಳು, ನಿವೃತ್ತ ಮಾಸ್ತರರ ಹಾಗೆ ಕೈ ಹಿಂದೆ ಕಟ್ಟಿಕೊಂಡಂತೆ ನಿಂತಿದ್ದವು. ಅವುಗಳ ನಡುವಿನಿಂದ ಕಾಕಾ ನಡೆದು ಬಂದರು.

“ಬಂದೇನವಾ? ಭಾಳ ಸೊರಗೀದಿ ನೋಡ.”

ಸೊರಗಿದವರು ಅವರು. ಅಂಗಿಯೊಳಗೆ ಮೈ ಹುಡುಕಬೇಕಿತ್ತು. ನಾನು ಕಾಲಿಗೆ ಬಗ್ಗಿದಾಗ ಮೂಗನ್ನೂ ಕೆಲಸಕ್ಕೆ ಹಚ್ಚಿದೆ. ದಾರೂವಿನ ವಾಸನೆ ಇರಲಿಲ್ಲ. ಹೊಟೇಲಿನಲ್ಲಿ ಶುಂಠಿ ಹಾಕಿದ ಚಹಾ ಬಂದಾಗ ಕಾಕಾ ಲೋಟವನ್ನು ಎರಡೂ ಅಂಗೈಯಲ್ಲಿ ಒತ್ತಿ ಹಿಡಿದು, ಮುಖವನ್ನೇ ಲೋಟದ ಹತ್ತಿರ ತಂದು ಕುಡಿದರು. ಅವರು ಕೈ ತೊಳೆಯಲು ಹೋದಾಗ ನಾನು ಅವರ ಚೀಲದೊಳಗೆ ಇಣುಕಿದೆ. ನಾಚಿಕೆಯ ಕೆಲಸ, ಆದರೂ ಸಾಕ್ಷಿ ಬೇಕಲ್ಲ. ಒಂದು ಟವೆಲ್, ಅಡಿಕೆ ಚೂರು, ಬಸೂನ ಪಾಸ್‌ಪೋರ್ಟಿನ ಜೆರಾಕ್ಸ್.

ಮುಂದೆ ಸರೋವರದ ಒಂದು ತೋಳನ್ನು ಫೆರಿಯಲ್ಲಿ ದಾಟಬೇಕಿತ್ತು. ಈಗ ಅಲ್ಲಿ ಸೇತುವೆ ಆಗಿದೆಯಂತೆ. ನಮ್ಮ ಕಡೆಯ ಯಡೂರಿನಲ್ಲಿ ಹೊಳೆ ದಾಟುವಾಗ ನಾವೆಯಲ್ಲಿ ಮನುಷ್ಯರ ಜೊತೆ ಬೈಕುಗಳೂ ನಿಲ್ಲುತ್ತಿದ್ದಂತೆ ಇಲ್ಲಿ ಲಾರಿಗಳು ನಿಂತಿದ್ದವು, ಅಷ್ಟೇ ವ್ಯತ್ಯಾಸ. ನಡುನೀರಿನಲ್ಲಿ ಶಾಲು ತೆಗೆಯಲು ಚೀಲ ಬಿಚ್ಚಿದರೆ ಕಾಕಿಯ ಡಬ್ಬಿಯ ಮುಚ್ಚಳ ಹಾರಿ ಅಗಸಿ ಚಟ್ನಿ ಬಟ್ಟೆಗಳ ತುಂಬಾ ಹರಡಿತ್ತು. ಗಾಳಿ ಒಂದು ಬಾರಿ ಬೀಸಿದ್ದೇ ಸುತ್ತಲಿನ ಹತ್ತು ಜನ ಒಟ್ಟಿಗೆ ಸೀನಿದರು. ಕಾಕಾ ಸೀನುತ್ತಲೇ ಬೆರಳಿಗೆ ಅಂಟಿದ್ದನ್ನು ನೆಕ್ಕಿ ನೋಡಿ, “ಇದು ನಿಮ್ಮವ್ವನ ಕೈದಲ್ಲ,” ಎಂದರು. ಉಳಿದದ್ದನ್ನು ಅವರು ಕಾಗದಕ್ಕೆ ಬಳಿದುಕೊಂಡರು. ನಡುಗುವ ಕೈಯಿಂದ ಅದು ಬಹಳ ಹೊತ್ತು ಹಿಡಿಯಿತು.

ಗಿರಣಿ ಅಂಗಳ

ಕಾಕಾ ಇದ್ದ ಊರು ಗೇಯ್ಟಾ ಎಂಬ ಪಟ್ಟಣದ ಆಚೆ. ಕೆಂಪು ಮಣ್ಣು, ತಗಡಿನ ಮಾಡು, ಹಗಲಿಡೀ ಗಿರಣಿಗಳ ಗುಡುಗುಡು. ಸಂಬಂಧಗಳ ಹೆಸರುಗಳೆಲ್ಲ ಅಲ್ಲಿನ ಭಾಷೆಯಲ್ಲಿ ಒಂದೊಂದು ಮನೆ ಸರಿದು ಕೂತಿವೆ. ಕಾಕಾ ಅಂದರೆ ಅಣ್ಣ, ದಾದಾ ಅಂದರೆ ಅಕ್ಕ, ಮಾಮಾ ಅಂದರೆ ಅವ್ವ. ಇಡೀ ಊರು ಅವರನ್ನು ಕಾಕಾ ಎಂದೇ ಕರೆಯುತ್ತದೆ. ನಾನೂ ಹಾಗೇ ಕರೆದಾಗ, ಇವಳು ಇಷ್ಟು ಬೇಗ ನಮ್ಮ ಭಾಷೆ ಕಲಿತಳೇ ಎಂದು ಒಬ್ಬ ಬೆರಗಾದ.

ಕಲ್ಲು ಮೊದಲು ಹೆಂಗಸರ ಸುತ್ತಿಗೆಗೆ ಬರುತ್ತದೆ. ಅವರು ಒಡೆದ ಚೂರುಗಳು ಗಿರಣಿಗೆ. ಗಿರಣಿ ಎಂದರೆ ಕಬ್ಬಿಣದ ಡ್ರಮ್ಮು, ಒಳಗೆ ಕಬ್ಬಿಣದ ಗುಂಡುಗಳು. ತಿರುಗಿ ತಿರುಗಿ ಕಲ್ಲು ಹಿಟ್ಟಾಗುತ್ತದೆ. ಆ ಹಿಟ್ಟನ್ನು ಇಳಿಜಾರು ಹಲಗೆಯ ಮೇಲೆ ನೀರಿನ ಜೊತೆ ಹರಿಸಿದರೆ ಹಗುರ ಮಣ್ಣು ಹೋಗಿ ಭಾರದ್ದು ಹಲಗೆಗೆ ಹಾಸಿದ ಗೋಣಿತಟ್ಟಿನಲ್ಲಿ ಉಳಿಯುತ್ತದೆ. ತಟ್ಟನ್ನು ಬೋಗುಣಿಯಲ್ಲಿ ಜಾಲಿಸಿ, ಸಣ್ಣ ಬಾಟಲಿಯಿಂದ ಪಾದರಸ ಸುರಿದು, ಕೈ ಹಾಕಿ ಕಲಸುತ್ತಾರೆ. ನಾವು ಭಕ್ಕರಿಗೆ ಹಿಟ್ಟು ನಾದುವ ಹಾಗೆ, ಅಂಗೈಯ ಬುಡದಿಂದ ಒತ್ತಿ ಒತ್ತಿ. ಕಣ್ಣಿಗೆ ಕಾಣದಷ್ಟು ಸಣ್ಣ ಬಂಗಾರದ ಕಣಗಳನ್ನೆಲ್ಲ ರಸ ಹಿಡಿದುಕೊಳ್ಳುತ್ತದೆ. ಬಟ್ಟೆಗೆ ಹಾಕಿ ಹಿಂಡಿದರೆ ಹೆಚ್ಚಿನ ರಸ ಕೆಳಗೆ ಸೋರಿ, ಬಟ್ಟೆಯೊಳಗೆ ಬೆಣ್ಣೆಯ ಉಂಡೆಯಂಥದ್ದು ಉಳಿಯುತ್ತದೆ. ಬಣ್ಣ ಬಿಳಿ. ಅದರಲ್ಲಿ ಬಂಗಾರ ಇದೆಯೆಂದು ಹೇಳಿದರೆ ನಂಬಬೇಕು.

ನೋಡಲು ಅದು ನಮ್ಮ ಬೆಲ್ಲದ ಗಾಣದ ಅಂಗಳದ ಹಾಗೇ ಇತ್ತು. ಅದೇ ಕೆಸರು, ಅದೇ ಕೂಗಾಟ, ಅದೇ ಮೂಲೆಯಲ್ಲಿ ಕೂತು ಕೆಲಸ ಮಾಡದೆ ಸಲಹೆ ಕೊಡುವ ಒಬ್ಬ ಮುದುಕ. ಬಿಸಿಲಿನಲ್ಲಿ ಎರಡು ತಾಸು ನಿಂತೆ. ಆಮೇಲೆ ನನ್ನ ಕುತೂಹಲವೂ ಸೋತು ನೆರಳಿಗೆ ಹೋಗಿ ಕೂತಿತು.

ತಗಡಿನ ಕೋಣೆ

ಆ ಬಿಳಿ ಉಂಡೆಯನ್ನು ಸುಡಬೇಕು. ಸುಟ್ಟರೆ ಪಾದರಸ ಹೊಗೆಯಾಗಿ ಹೋಗಿ ಹಳದಿ ಬಂಗಾರ ಉಳಿಯುತ್ತದೆ. ಗಿರಣಿ ಅಂಗಳದಲ್ಲೇ ಸುಡುವವರು ಕೆಲವರಿದ್ದಾರೆ. ಹೆಚ್ಚಿನವರು ಕಾಕಾನ ಅಂಗಡಿಗೆ ತರುತ್ತಾರೆ, ಅಲ್ಲಿ ಗಾಳಿ ಊದುವ ಯಂತ್ರವಿದೆ ಎಂದು. ಅಂಗಡಿಯ ಹಿಂದೆ ತಗಡಿನ ಕೋಣೆ, ಗಾಳಿಗೆ ಬೆಂಕಿ ಕದಲಬಾರದೆಂದು ಕಿಟಕಿ ಇಲ್ಲ. ಕಾಕಾ ಕಬ್ಬಿಣದ ಸೌಟಿನಲ್ಲಿ ಉಂಡೆ ಇಟ್ಟು ಇದ್ದಿಲ ಮೇಲೆ ಹಿಡಿಯುತ್ತಾರೆ. ಒಂದೊಂದು ಗುಂಪಿನವರೂ ಸುತ್ತ ಮುತ್ತಿಕೊಂಡು ಸೌಟಿನೊಳಗೇ ಬಗ್ಗಿ ನೋಡುತ್ತಾರೆ.

ಸುಡುವ ಮೊದಲು ಅವರಲ್ಲಿ ಒಂದು ರೂಢಿ. ಉಂಡೆ ಕೈಯಿಂದ ಕೈಗೆ ಹೋಗಬೇಕು. ಗುಂಡಿ ತೋಡಿದವನು, ಕಲ್ಲು ಹೊತ್ತವನು, ಒಡೆದವಳು, ಗಿರಣಿಯವನು, ಎಲ್ಲರೂ ಒಮ್ಮೆ ಅಂಗೈಯಲ್ಲಿಟ್ಟು ತೂಗಿ ನೋಡಿ ಮುಂದಿನವರಿಗೆ ಕೊಡುತ್ತಾರೆ. ಕೊನೆಯ ಅಂಗೈ ಕಾಕಾನದು. ಅಲ್ಲಿಂದ ಸೌಟಿಗೆ ಬಿದ್ದ ಮೇಲೆ ಬಂಗಾರದ ಬಣ್ಣ ಬರುವವರೆಗೆ ಯಾರೂ ಕಣ್ಣು ಕೀಳುವುದಿಲ್ಲ. ಕಣ್ಣು ಕಿತ್ತರೆ ಪಾಲಿನ ಜಗಳದಲ್ಲಿ ಬಾಯಿ ತೆರೆಯುವ ಹಕ್ಕು ಹೋದಂತೆ. ಹಾಗಾಗಿ ಹೊಗೆ ಬಂದಾಗ ಕೆಮ್ಮುತ್ತಾರೆಯೇ ಹೊರತು ಹಿಂದೆ ಸರಿಯುವುದಿಲ್ಲ.

ಒಂದು ಗುಂಪು ಹೋದರೆ ಇನ್ನೊಂದು. ಗುಂಪುಗಳು ಹೊರಗೆ ಹೋಗಿ ಉಸಿರಾಡುತ್ತವೆ. ಕಾಕಾ ಒಳಗೇ ಇರುತ್ತಾರೆ.

ಮೂರನೆಯ ದಿನ ನನ್ನ ಕಣ್ಣಿಗೆ ಅಟ್ಟದ ಮೇಲೆ ಒಂದು ಪಾತ್ರೆ ಬಿತ್ತು. ದಪ್ಪ ಕಬ್ಬಿಣದ್ದು, ತಿರುಪಿನ ಮುಚ್ಚಳ, ಮುಚ್ಚಳದಿಂದ ಹೊರಟು ಕೆಳಕ್ಕೆ ಬಾಗಿದ ಕೊಳವೆ. ಯಾವುದೋ ಸಂಸ್ಥೆಯವರು ಕೊಟ್ಟು ಹೋದದ್ದಂತೆ. ಉಂಡೆಯನ್ನು ಒಳಗಿಟ್ಟು ಮುಚ್ಚಿ ಕಾಯಿಸಿದರೆ ಹೊಗೆ ಕೊಳವೆಯಲ್ಲೇ ಹೋಗಿ ನೀರಿನಲ್ಲಿ ತಣಿದು ಮತ್ತೆ ರಸವಾಗುತ್ತದೆ. ಹೊಗೆಯೂ ಇಲ್ಲ, ರಸವೂ ಹಾಳಾಗುವುದಿಲ್ಲ. ಅದರ ಮೇಲೆ ಈರುಳ್ಳಿ ಬುಟ್ಟಿ ಇಟ್ಟಿದ್ದರು.

ಯಾಕೆ ಬಳಸುವುದಿಲ್ಲ ಎಂದು ಕೇಳಿದೆ. ಕಾಕಾ ನಕ್ಕರು.

“ಮುಚ್ಚಿದ್ದರೊಳಗ ಏನಾತು ಅಂತ ಯಾರ ಹೇಳಾವ್ರು? ಕಬ್ಬು ತೂಗೋ ಕಾಟಾದ ಮುಂದ ನಿಮ್ಮಪ್ಪ ಯಾಕ ತಾಸಗಟ್ಟಲೆ ನಿಂದರತಾನ? ಮನೀಗೆ ಹೋಗಿ ಮಲಗಬಾರ್ದ?”

ನನ್ನ ಬಳಿ ವಾದ ಇತ್ತು. ಎರಡು ದಿನ ಬಿಡದೆ ಹಿಡಿದೆ. ಬಂಗಾರ ಹೊಗೆಯಾಗುವುದಿಲ್ಲ, ಸರಿಯೇ? ಸರಿ. ಮುಚ್ಚಿದ ಪಾತ್ರೆಯಿಂದ ಅದು ಎಲ್ಲಿಗೂ ಓಡಿಹೋಗುವುದಿಲ್ಲ, ಸರಿಯೇ? ಸರಿ. ಹಾಗಾದರೆ ಉಳಿದ ತೂಕ ಅಷ್ಟೇ ಇರಬೇಕಲ್ಲ? ಕಾಕಾ ಸುಸ್ತಾದರು. “ನೀ ಮಾತಿನಾಗ ಸೋಲಾಕಿ ಅಲ್ಲ ಬಿಡು. ಮಾಡೂನು,” ಎಂದು ಈರುಳ್ಳಿ ಬುಟ್ಟಿ ಕೆಳಗಿಳಿಸಿದರು.

ಮುಚ್ಚಿದ ಪಾತ್ರೆ

ಜುಮಾ ಎಂಬ ಹಿರಿಯನ ಗುಂಪು ಒಪ್ಪಿತು. ಆರು ಜನ. ಕಾಕಾನ ಮೇಲಿನ ನಂಬಿಕೆಯಿಂದ ಒಪ್ಪಿದರು, ನನ್ನ ವಾದದಿಂದಲ್ಲ. ನನ್ನ ವಾದ ಅವರಿಗೆ ಗೊತ್ತೇ ಇರಲಿಲ್ಲ. ಉಂಡೆ ಕೈಯಿಂದ ಕೈಗೆ ಬಂದು ಕಾಕಾನ ಅಂಗೈಯಿಂದ ಪಾತ್ರೆಗೆ ಬಿತ್ತು. ಮುಚ್ಚಳ ತಿರುಗಿತು. ಸಂದಿಗೆ ಹಸಿ ಮಣ್ಣು ಮೆತ್ತಿ, ಕೊಳವೆಯ ತುದಿಯನ್ನು ಬಕೆಟ್ಟಿನ ನೀರಿಗೆ ಇಳಿಬಿಟ್ಟು ಬೆಂಕಿ ಹೊತ್ತಿಸಿದರು.

ಅರ್ಧ ತಾಸು ಹೋಯಿತು. ನೋಡಲು ಏನೂ ಇಲ್ಲದಾಗ ಆರು ಜನ ಏನು ಮಾಡುತ್ತಾರೆ? ಒಬ್ಬ ಪಾತ್ರೆಯ ಸುತ್ತ ನಡೆದ. ಒಬ್ಬ ಕಿವಿಗೊಟ್ಟು ಆಲಿಸಿದ, ಕಿವಿ ಸುಟ್ಟುಕೊಂಡ. ಜುಮಾ ಕಾಕಾನ ಕೈಗಳನ್ನೇ ನೋಡುತ್ತಿದ್ದ. ಬಕೆಟ್ಟಿನ ತಳದಲ್ಲಿ ರಸದ ಹನಿಗಳು ಕೂಡಿದ್ದನ್ನು ನಾನು ಉತ್ಸಾಹದಿಂದ ತೋರಿಸಿದೆ. ಯಾರೂ ಬಗ್ಗಿ ನೋಡಲಿಲ್ಲ.

ಪಾತ್ರೆ ಆರಿಸಿ ಮುಚ್ಚಳ ತೆಗೆದರೆ ಬಂಗಾರ ಕಂದು ಬಣ್ಣಕ್ಕೆ ತಿರುಗಿತ್ತು, ತಳ ಹತ್ತಿದ ಬೆಲ್ಲದ ಚೂರಿನ ಹಾಗೆ. ಕಬ್ಬಿಣದ ಪಾತ್ರೆಯೊಳಗೆ ಹಾಗಾಗುವುದುಂಟು, ಒಮ್ಮೆ ಬೆಂಕಿಗೆ ಹಿಡಿದರೆ ಹಳದಿ ಬರುತ್ತದೆ ಎಂದು ಕಾಕಾ ವಿವರಿಸಿದರು. ಸೌಟಿಗಾಗಿ ಚಾಚಿದ ಅವರ ಕೈ ಎಂದಿಗಿಂತ ಹೆಚ್ಚು ನಡುಗುತ್ತಿತ್ತು. ನಡುಗುವ ಕೈಯನ್ನು ಕಂಡವರು ಏನೆಂದುಕೊಳ್ಳುತ್ತಾರೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಜುಮಾ ಪಾತ್ರೆಯನ್ನು ಮಗುಚಿ ತಳ ಬಡಿದು ನೋಡಿದ, ಎರಡು ತಳ ಇದೆಯೇನೋ ಎಂದು. ಕೊಳವೆಯನ್ನು ಊದಿ ನೋಡಿದ. ಆಮೇಲೆ ಕಂದು ಗಡ್ಡೆಯನ್ನು ಕಾಗದದಲ್ಲಿ ಸುತ್ತಿಕೊಂಡು, ಆರು ಜನವೂ ಎದುರಿಗಿದ್ದ ಇನ್ನೊಂದು ಗಲಾಯಿ ಅಂಗಡಿಗೆ ನಡೆದರು.

ಮರುದಿನ ಕಾಕಾನ ಅಂಗಡಿಗೆ ಯಾರೂ ಬರಲಿಲ್ಲ. ಕಾಕಾ ನನ್ನನ್ನು ಬೈಯಲಿಲ್ಲ. ಪಾತ್ರೆಯನ್ನು ತೊಳೆದು, ಅಟ್ಟಕ್ಕಿಟ್ಟು, ಅದರ ಮೇಲೆ ಈರುಳ್ಳಿ ಬುಟ್ಟಿ ಏರಿಸಿದರು. ನಾನು ಸಾಬೀತು ಮಾಡಿದ್ದು ಬಂಗಾರ ಎಲ್ಲಿಗೂ ಹೋಗುವುದಿಲ್ಲ ಎಂದು. ಅದನ್ನು ಯಾರೂ ಕೇಳಿಯೇ ಇರಲಿಲ್ಲ. ಅವರಿಗೆ ನೋಡಬೇಕಿತ್ತು.

ರೆಹೆಮಾ

ಆ ಬರಿದಾದ ಅಂಗಡಿಗೆ ಮಧ್ಯಾಹ್ನ ಒಬ್ಬಳು ಬಂದಳು. ಮಾಮಾ ರೆಹೆಮಾ. ಗಿರಣಿ ಅಂಗಳದಲ್ಲಿ ಒಂದು ಹಲಗೆಯ ಒಡತಿ, ಬೇರೆಯವರ ಉಂಡೆಗಳನ್ನು ಅಂಗಳದಲ್ಲೇ ಸುಟ್ಟುಕೊಡುವವಳು. ತಲೆಗೆ ಹಸಿರು ಬಟ್ಟೆ, ಐದು ಹೊತ್ತಿನ ನಮಾಜಿನವಳು. ಪಾತ್ರೆಯ ಸುದ್ದಿ ಊರೆಲ್ಲ ಆಗಿತ್ತು, ನೋಡಲು ಬಂದಿದ್ದಳು. ತಿರುಗಿಸಿ, ಮುಚ್ಚಳ ತೆಗೆದು, ಮೂಸಿ, ಕಾಕಾನಿಗೆ ಬಹಳ ಹೊತ್ತು ಏನೇನೋ ಹೇಳಿದಳು. ಏನಂತಾಳೆ ಎಂದು ಕೇಳಿದೆ.

“ಛಲೋ ಐತಿ ಅಂತಾಳ,” ಎಂದರು ಕಾಕಾ.

ಅಷ್ಟುದ್ದದ ಮಾತು ಇಷ್ಟು ಗಿಡ್ಡವಾಗುವುದನ್ನು ನಾನು ಚರ್ಚೆಗಳಲ್ಲಿ ಬಿಡುವುದಿಲ್ಲ. ಆ ಹೊತ್ತಿಗೆ ದಣಿದಿದ್ದೆ, ಬಿಟ್ಟೆ.

ಚಹಾ ಬಂತು. ರೆಹೆಮಾ ಲೋಟವನ್ನು ಎರಡೂ ಅಂಗೈಯಲ್ಲಿ ಒತ್ತಿ ಹಿಡಿದು, ಮುಖವನ್ನೇ ಲೋಟದ ಹತ್ತಿರ ತಂದಳು. ಆದರೂ ಒಂದಿಷ್ಟು ಮಡಿಲಿಗೆ ಚೆಲ್ಲಿತು. ನಾನು ನೋಡಿದ್ದನ್ನು ಅವಳು ನೋಡಿದಳು. ಲೋಟ ಕೆಳಗಿಟ್ಟು, ಕಟ್ಟೆಯ ಮೇಲಿದ್ದ ಪಾದರಸದ ಬಾಟಲಿಯನ್ನು ಎತ್ತಿ ತಂದು ನನ್ನ ಮುಂದೆ ಇಟ್ಟಳು. ಹತ್ತು ಬೆರಳನ್ನೂ ಚಾಚಿ ತೋರಿಸಿದಳು. ಬೆರಳುಗಳು ತಾವಾಗಿಯೇ ಕುಣಿಯುತ್ತಿದ್ದವು. ಆಮೇಲೆ ಕಾಕಾನ ಮಣಿಕಟ್ಟು ಹಿಡಿದು ಅವರ ಕೈಯನ್ನು ತನ್ನ ಕೈಯ ಪಕ್ಕದಲ್ಲಿಟ್ಟಳು. ಎರಡೂ ಒಂದೇ ಅಳತೆಯಲ್ಲಿ ನಡುಗಿದವು. ಗದ್ದ ಎತ್ತಿ ಬಾಟಲಿಯ ಕಡೆ ತೋರಿಸಿದಳು, ಕಾಕಾನ ಕಡೆ ತಿರುಗಿ ಚುಟುಕಾಗಿ ಒಂದು ಮಾತು ಹೇಳಿದಳು.

“ಏನಂದ್ಲು ಕಾಕಾ?”

“ಏನಿಲ್ಲ. ಚಾ ಆರತೈತಿ ಅಂದ್ಲು.”

ಮರುದಿನ ನಾನೊಬ್ಬಳೇ ಗಿರಣಿ ಅಂಗಳಕ್ಕೆ ಹೋದೆ. ಉಂಡೆ ಸುಡುವವರು ಇನ್ನಿಬ್ಬರಿದ್ದರು, ಒಬ್ಬ ಮುದುಕ, ಒಬ್ಬಳು ನನ್ನ ವಯಸ್ಸಿನವಳು. ಅವರಿಗೆ ಚಹಾ ಬರುವವರೆಗೆ ಕಾದೆ. ಎರಡೂ ಅಂಗೈ, ಬಗ್ಗಿದ ಮುಖ. ಕಲ್ಲು ಒಡೆಯುವವರು, ಗುಂಡಿ ತೋಡುವವರು ಒಂದೇ ಕೈಯಲ್ಲಿ ಕುಡಿಯುತ್ತಿದ್ದರು, ಅವರಲ್ಲಿ ಸಂಜೆಯಾದರೆ ದಾರೂ ಕುಡಿಯುವವರೂ ಇದ್ದರು. ನನ್ನ ನಾಲ್ಕು ಬೆರಳಿನ ವಾದ ಅಲ್ಲಿ, ಆ ಕೆಸರಿನಲ್ಲಿ ಬಿದ್ದಿತ್ತು. ಬೇರೆ ಕಾರಣ ಇದ್ದರೆ ಹೇಳಿ ಎಂದಿದ್ದೆನಲ್ಲ, ಪಡಸಾಲೆಯಲ್ಲಿದ್ದ ಯಾರಿಗೂ ಅದು ಗೊತ್ತಿರಲಿಲ್ಲ. ಒಬ್ಬರನ್ನು ಬಿಟ್ಟು, ಬಹುಶಃ.

ರೆಹೆಮಾಳ ಮುಂದೆ ಮೊಬೈಲ್ ಹಿಡಿದೆ. ನಿನ್ನೆ ಕಾಕಾನಿಗೆ ಏನು ಹೇಳಿದೆ ಎಂಬ ನನ್ನ ಪ್ರಶ್ನೆಯನ್ನು ಅದು ಅವಳ ಭಾಷೆಯಲ್ಲಿ ಓದಿ ಹೇಳಿತು. ಅವಳು ಉತ್ತರಿಸಿದಳು, ಅದು ತಿರುಗಿಸಿ ಕೊಟ್ಟಿತು. ಕೈ ನಡುಗುವುದು ಈ ರಸದಿಂದಲೇ, ನಿನಗೆ ನಾನು ಹಿಂದೆಯೇ ಹೇಳಿದ್ದೆ ಎಂದು ಕಾಕಾನಿಗೆ ನೆನಪಿಸಿದಳಂತೆ. ಹಿಂದೆ ಎಂದರೆ ಯಾವಾಗ ಎಂದು ಕೇಳುವಷ್ಟರಲ್ಲಿ ಗಿರಣಿ ಶುರುವಾಯಿತು. ಅವಳು ಎದ್ದು ಹಲಗೆಯ ಕಡೆ ಹೋದಳು, ನನ್ನ ಭುಜ ತಟ್ಟಿ, ಪೋಲೆ ಎಂದು.

ಸಂಜೆ ಮನೆಗೆ ಫೋನು ಮಾಡಿದೆ. ಕಾಕಾ ಕುಡಿಯುವುದಿಲ್ಲ, ಇದು ಪಾದರಸದ ಹೊಗೆ, ನನ್ನದು ತಪ್ಪಾಯಿತು ಎಂದು ಕಾಕಿಗೆ ಹೇಳಿದೆ. ಅವರು ಕೇಳಿದ್ದು ಒಂದೇ.

“ಚಟ್ನಿ ತಿಂದ್ರೇನು?”

ತಿಂದರು ಎಂದೆ. ಕಾಕಿ ಫೋನನ್ನು ಬಸೂಗೆ ಕೊಟ್ಟರು. ಇಲ್ಲಿಗೆ ಬರಬೇಡ ಎಂದು ಅವನಿಗೆ ಎಲ್ಲವನ್ನೂ ವಿವರಿಸಿದೆ, ಒಂದೊಂದಾಗಿ, ಸಾಕ್ಷಿ ಸಮೇತ. ಅವನು ಪೂರ್ತಿ ಕೇಳಿದ.

“ಆಗ ದಾರೂ ಅಂದಿ, ನಂಬಿದ್ವಿ. ಈಗ ಪಾದರಸ ಅಂತಿ. ನಾಳಿ ಮತ್ತೇನಂತಿ ಅಕ್ಕಾ? ಕಾಕಾ ಬ್ಯಾಡಂದ್ರ ನಾ ಬರೂದಿಲ್ಲ. ಅವರ ಬಾಯಿಂದ ಹೇಳಸ್.”

ಫೆರಿ ಕಟ್ಟೆ

ಹೇಳಿಸಲು ನನಗೆ ಮೂರು ದಿನ ಇತ್ತು. ಮ್ವಾನ್ಝಾದ ದೊಡ್ಡ ಆಸ್ಪತ್ರೆಗೆ ಹೋಗೋಣ ಎಂದರೆ ಕಾಕಾ, ಬಸೂ ಬರಲಿ, ಆಮೇಲೆ ಎಂದರು. ಅಂಗಡಿ ಬಿಟ್ಟು ನನ್ನ ಜೊತೆಯೇ ಹೊರಡಿ ಎಂದರೆ, ಮೂವತ್ತು ವರ್ಷದ ನಂಬಿಕೆಯ ಕೆಲಸ, ಸೇಠ್‌ಗೆ ಮುಖ ತೋರಿಸುವುದು ಹೇಗೆ, ಜಾಗಕ್ಕೆ ಒಬ್ಬ ಬರಲಿ ಎಂದರು. ಕಿಟಕಿಯಾದರೂ ಕೊರೆಸಿ ಎಂದೆ. ಹೂಂ ಎಂದರು. ನನ್ನ ಹತ್ತಿರ ವಾದಗಳು ಇನ್ನೂ ಇದ್ದವು. ಅವರ ಹತ್ತಿರ ಹೂಂ ಇತ್ತು, ಅದು ಮುಗಿಯುವ ಹಾಗೆ ಕಾಣಲಿಲ್ಲ. ಜುಮಾನ ಗುಂಪು ಎರಡನೆಯ ದಿನ ಮರಳಿ ಬಂತು. ಕಂದು ಗಡ್ಡೆ ಎದುರಿನ ಅಂಗಡಿಯಲ್ಲಿ ಹಳದಿಗೆ ತಿರುಗಿತ್ತಂತೆ. ಕ್ಷಮಿಸು ಎನ್ನುವ ಬದಲು ಜುಮಾ ಒಂದು ಹಲಸಿನ ಹಣ್ಣು ತಂದಿದ್ದ. ತಗಡಿನ ಕೋಣೆಯ ಬಾಗಿಲು ಮುಚ್ಚಿತು, ಸೌಟು ಬೆಂಕಿಗೆ ಏರಿತು, ಎಲ್ಲರೂ ಬಗ್ಗಿ ನೋಡಿದರು. ಕಾಕಾನ ಮುಖದಲ್ಲಿ ಆ ದಿನ ನಾನು ಕಂಡದ್ದು ಸಮಾಧಾನ. ಇದನ್ನು ಬರೆಯಲು ನನಗೆ ಇಷ್ಟವಿಲ್ಲ, ಆದರೆ ಕಂಡದ್ದು ಅದೇ.

ಹೊರಡುವ ದಿನ ಫೆರಿ ಕಟ್ಟೆಯವರೆಗೆ ಬಂದರು. ಲಾರಿಗಳು ಹತ್ತುತ್ತಿದ್ದವು. ಮೀನು ಒಣಗಿಸುವ ವಾಸನೆ, ಬಿಸಿಲು, ನನ್ನ ಬಟ್ಟೆಯಲ್ಲಿ ಇನ್ನೂ ಉಳಿದಿದ್ದ ಅಗಸಿ ಚಟ್ನಿಯ ಘಾಟು. ಕಾಕಾ ಅಂಗಿಯ ಒಳಜೇಬಿನಿಂದ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚತೊಡಗಿದರು. ಬೆರಳುಗಳಿಗೆ ಗಂಟು ಸಿಗಲಿಲ್ಲ. ನಾನು ಬಿಚ್ಚಿದೆ. ಒಳಗೆ ಅವರ ಒರೆಗಲ್ಲು. ಬಂಗಾರ ಉಜ್ಜಿ ಅದರ ಶುದ್ಧಿ ನೋಡುವ ಆ ಕರಿಯ ಕಲ್ಲನ್ನು ನಾನು ಚಿಕ್ಕವಳಿದ್ದಾಗ ಮುಟ್ಟಲು ಬಿಡುತ್ತಿರಲಿಲ್ಲ. ಗಲಾಯಿಯವರು ಅದನ್ನು ಕೊಡುವುದು ತಮ್ಮ ಜಾಗಕ್ಕೆ ಬರುವವರಿಗೆ ಮಾತ್ರ. ನಡುವೆ ಸಣ್ಣ ತಗ್ಗು ಬಿದ್ದಿತ್ತು, ಅಷ್ಟು ವರ್ಷ ಉಜ್ಜಿದ್ದು.

“ಬಸೂಗ ಕೊಡ. ಕೈಯಾಗ ಹಿಡದು ರೂಢಿ ಮಾಡ್ಕೋ ಅನ್ನು, ಬರೂದ್ರೊಳಗ.”

ಫೆರಿಯವನು ಸಿಳ್ಳೆ ಹಾಕಿದ. ಮೊಬೈಲ್ ತೆಗೆದು ಬಸೂನ ನಂಬರು ಒತ್ತಿ ಕಾಕಾನ ಮುಂದೆ ಹಿಡಿದೆ. ನೀವೇ ಹೇಳಿ ಎಂದೆ, ಬಾ ಅನ್ನಿ, ಇಲ್ಲ ಬೇಡ ಅನ್ನಿ. ಅತ್ತ ಏಕಸಂಬಿಯಲ್ಲಿ ಬಸು ಫೋನೆತ್ತಿ ಕಾಕಾ, ಕಾಕಾ ಎನ್ನುತ್ತಿದ್ದದ್ದು ಇಬ್ಬರಿಗೂ ಕೇಳುತ್ತಿತ್ತು. ಕಾಕಾ ಅದನ್ನು ತೆಗೆದು ಕಿವಿಗಿಟ್ಟುಕೊಳ್ಳಲಿಲ್ಲ. ಎರಡೂ ಕೈಯನ್ನು ಕಂಕುಳಲ್ಲಿ ಒತ್ತಿಕೊಂಡು ನೀರಿನ ಕಡೆ ನೋಡುತ್ತಾ ನಿಂತರು. ಫೋನು ತಾನಾಗಿ ಕಡಿಯಿತು. ನಾನು ಫೆರಿಯ ಹಲಗೆ ಏರಿದೆ, ಏರಿ ತಿರುಗಿ ನಿಂತು, ಲಾರಿಗಳ ಸದ್ದಿನ ಮೇಲೆ ದನಿಯೆತ್ತಿ, ಉತ್ತರ ನನಗೆ ಗೊತ್ತಿಲ್ಲದ ಒಂದು ಪ್ರಶ್ನೆಯನ್ನು ಕೇಳಿದೆ.

“ಪಡಸಾಲಿಯೊಳಗ ನಾ ದಾರೂ ಅಂದಾಗ ನೀವು ಸುಮ್ಮನ ಕುಂತ್ರಿ. ಆಮ್ಯಾಲೆ ಬಸೂನ್ನ ಕಳಸ್ರಿ ಅಂದ್ರಿ. ಅವತ್ತ ಇದು ಪಾದರಸದ್ದ ಅಂತ ನಿಮಗ ಗೊತ್ತಿತ್ತೇನ್ರಿ, ಕಾಕಾ?”